ತಣ್ಣಗೆ

ಮುಟ್ಟು, ಪರವಾಗಿಲ್ಲ. ಹಿತ್ತಾಳೆ ಕಚ್ಚುವುದಿಲ್ಲ.
ಹನ್ನೆರಡು ಪೌಂಡು ತೂಕ. ಕೊರಳಿಗೆ ಹಾಕಿಕೊಂಡ ಮೇಲೆ
ಇಪ್ಪತ್ತಾಗುತ್ತದೆ, ರಾತ್ರಿ ಎರಡು ದಾಟಿದರೆ
ನಿದ್ದೆಹೋದ ಮಗುವಿನಷ್ಟು.
ವಿಂಕೊ ಮರಾಸಿಚ್ ಇದನ್ನು ಮೂವತ್ತೊಂದು ವರ್ಷ ಹೊತ್ತ.
ಅಷ್ಟೂ ವರ್ಷ ಇದರ ಗಾಯ ಕಟ್ಟಿದವನು ನಾನು.

ಇಲ್ಲಿ ನೋಡು, ಮೆರುಗು ಹೋದ ಜಾಗ:
ಅವನ ತೊಡೆ. ಕೂತೇ ನುಡಿಸುತ್ತಿದ್ದ.
ಹೆಬ್ಬೆರಳಿನ ಕೊಕ್ಕೆ ಸವೆದು ಚೂರಿಯಾಗಿದೆ.
ಈ ತಗ್ಗು ಓಕ್ಲೆಂಡಿನ ಬಸ್ ನಿಲ್ದಾಣದ್ದು, ಐವತ್ತಾರನೇ ಇಸವಿ.
"ತಟ್ಟಿ ತೆಗೆಯಲಾ?" ಅಂದೆ.
"ಬಿಡು ವಾರ್ತ್‌ಕೆಸ್,
ಅದಕ್ಕೂ ಒಂದು ಊರು ನೆನಪಿರಲಿ."

ಪತ್ರಿಕೆಯವರು ಬರೆದರು: ತಣ್ಣನೆಯ ಜಾಝ್.
ಕಡಲ ಗಾಳಿ ಎಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಎಂದರು,
ಐಸು ಹಾಕಿದ ಲೋಟ ಎಂದರು.
ಮೊದಲ ರೆಕಾರ್ಡಿನ ಹೊದಿಕೆಗೆಂದು
ಯಾರದೋ ಹಾಯಿದೋಣಿಯಲ್ಲಿ ನಿಲ್ಲಿಸಿ ಫೋಟೋ ತೆಗೆದರು.
ನಗು ತಡೆಯದೆ ಮುಖ ಆಚೆ ತಿರುಗಿಸಿದ್ದಾನೆ;
ಅಪ್ಪನ ದೋಣಿಯಲ್ಲಿ ಹಾಯಿ ಎಲ್ಲಿತ್ತು?
ಡೀಸೆಲ್ಲು, ಬಲೆ, ಮೊಣಕಾಲಿನವರೆಗೆ ಬೂತಾಯಿ.

ಕೊಳ್ಳುವ ಮನಸ್ಸಿದ್ದರೆ ಪೂರ್ತಿ ಕೇಳು.
ಸ್ಯಾನ್ ಪೀಡ್ರೊ. ಬಂದರಿನಾಚೆ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳು,
ಒಂದೊಂದಕ್ಕೂ ಒಂದೊಂದು ಸೀಟಿ, ಒಂದೊಂದು ಶ್ರುತಿ.
ದೋಣಿ ಬಂದ ಹೊತ್ತೇ ಹೊತ್ತು,
ನಡುರಾತ್ರಿಯಾಗಲಿ, ಕ್ರಿಸ್ಮಸ್ಸಾಗಲಿ.
ಹೆಂಗಸರು ನಿದ್ದೆಯಲ್ಲೇ ತಮ್ಮ ಸೀಟಿಯ ಗುರುತು ಹಿಡಿದು
ತಲೆಗೆ ಬಟ್ಟೆ ಬಿಗಿದು ಹೊರಡುತ್ತಿದ್ದರು;
ತಮ್ಮದಲ್ಲದ್ದಕ್ಕೆ ಮಗ್ಗುಲು ಬದಲಿಸುತ್ತಿದ್ದರು.
ಅವರಲ್ಲೊಬ್ಬಳು ದಿಂಕಾ, ಇವನ ತಾಯಿ.
ಬೆಳಿಗ್ಗೆ ಹತ್ತಕ್ಕೆ ಬಂದು
ವಾಸನೆ ಬಿಡದ ಕೈಗಳನ್ನು ಹೊದಿಕೆಯ ಹೊರಗಿಟ್ಟು ಮಲಗುವಳು.

ಗೋಡೆ ಎಂದರೆ ಹಲಗೆ.
ಈಚೆ ಇವನು, ಹದಿನಾರು ವರ್ಷ,
ಕಂತಿನ ಮೇಲೆ ತಂದ ಈ ಪೀಪಾಯಿ.
ಕಿರುಗುಟ್ಟದಂತೆ ಬಾಗಿಲು ತೆರೆಯುತ್ತಾರಲ್ಲ
ಹಾಗೆ ಸ್ವರ ಎತ್ತುವುದು ಕಲಿತ,
ನಾಲಗೆ ತಾಗಿಸದೆ, ಕೊಡದಷ್ಟು ಉಸಿರಿಗೆ ಚಮಚದಷ್ಟು ದನಿ.
ಅಷ್ಟೇ ಹುಡುಗಾ, ಸಿದ್ಧಾಂತ ಗಿದ್ಧಾಂತ ಇರಲಿಲ್ಲ.
ತಣ್ಣಗಿರು, ಅಮ್ಮ ಮಲಗಿದ್ದಾಳೆ:
ಅದಕ್ಕೇ ಆಮೇಲೆ ಶೈಲಿ ಎಂದು ಹೆಸರಿಟ್ಟರು.

ನಾಲ್ಕು ರೆಕಾರ್ಡು ಮಾಡಿದ.
ಮೂರನೆಯದಕ್ಕೆ ಪಿಟೀಲು ಸುರಿದು ಸಾರು ಕೆಡಿಸಿದರು.
ನಾಲ್ಕನೆಯದು ದುಡ್ಡಿಗಾಗಿ, ದುಡ್ಡೂ ಬರಲಿಲ್ಲ.
ಎರಡನೆಯದನ್ನು ಯಾರೂ ಕೊಳ್ಳಲಿಲ್ಲ. ಅದನ್ನು ಕೇಳು.
ಕೊನೆಯಲ್ಲಿ, ಬಾಸ್ ನಿಂತ ಮೇಲೆ,
ಡ್ರಮ್ಮಿನವನು ಕುಂಚ ಕೆಳಗಿಟ್ಟ ಮೇಲೆ,
ಪಾತಾಳದಿಂದೊಂದು ಸ್ವರ, ಇವನೊಬ್ಬನದೇ.
ಕೂದಲೆಳೆಯಷ್ಟು ಇಳಿದದ್ದು.

ಆ ಸ್ವರ ನನ್ನನ್ನು ಬಹಳ ಕಾಡಿದೆ.
ಸರಿಮಾಡಿ ಕಳಿಸುವೆ; ಅವನ ಕೈಯಲ್ಲಿ ಮತ್ತೆ ಇಳಿದಿರುತ್ತದೆ.
ನನ್ನ ಕೈಗೇ ಬೈದುಕೊಂಡೆ.

ಎಪ್ಪತ್ತೊಂಬತ್ತರ ಮಾರ್ಚಿನಲ್ಲಿ ಹೋದ, ಲಿವರ್ರು.
ಮಣ್ಣು ಮಾಡಿ ಬಂದು ಸಂಘದ ಹಾಲಿನಲ್ಲಿ
ಕಾಫಿ, ಹೊಗೆಯಾಡಿಸಿದ ಮೀನು, ಆ ಎರಡನೆಯ ರೆಕಾರ್ಡು.
ಯಾರೂ ಕೇಳುತ್ತಿರಲಿಲ್ಲ, ಮಾತು, ತಟ್ಟೆ, ಮಕ್ಕಳು.
ಕೊನೆಯ ಸ್ವರ ಬಂತು.
ಹಿಂದಿನ ಸಾಲಿನಲ್ಲಿ ಮೂವರು ಮುದುಕಿಯರು
ಎದ್ದು ನಿಂತರು.
ಒಬ್ಬಳ ಕೈ ತಲೆಬಟ್ಟೆಯ ಗಂಟಿಗೆ ಹೋಗಿತ್ತು.
ಆಮೇಲೆ ಒಬ್ಬರನ್ನೊಬ್ಬರು ನೋಡಿ, ನಾಚಿ, ಕೂತರು.
ಕಾರ್ಖಾನೆ ಮುಚ್ಚಿ ಆಗಲೇ ಹನ್ನೊಂದು ವರ್ಷ.

ಮರುವಾರ ಅವನ ಹೆಂಡತಿ ಇದನ್ನು ತಂದಿಟ್ಟಳು.
ದೊಡ್ಡ ಮುಚ್ಚಳ ಎದ್ದು ತಾಗುವ ಕಡೆ, ಬಿಲ್ಲೆಯ ಕೆಳಗೆ
ನಾಲ್ಕು ಮಡಿಕೆಯ ಕಾಗದ:
ಮೀನಿನ ಡಬ್ಬಿಯ ಚೀಟಿ, ಕಿರೀಟ ತೊಟ್ಟ ಟ್ಯೂನಾ.
ನನ್ನ ಅಂಗಡಿಗೆ ತರುವ ಮುಂಚೆ ತೆಗೆದಿಡುತ್ತಿದ್ದ, ಕಳ್ಳ.
ಈ ಸಲ ತೆಗೆಯಲು ಅವನಿರಲಿಲ್ಲ.

ಮತ್ತೆ ಅಲ್ಲೇ ಇಟ್ಟಿದ್ದೇನೆ.
ಬೇಡವೆಂದರೆ ಹೇಳು, ಎರಡು ನಿಮಿಷದ ಕೆಲಸ.
ಬೆಲೆ ಅದೇ.